ನಮ್ಮ ನಡುಮನೆಯ ಮಂಚದ ಮೇಲೆ ಹಾದುಹೋದ ಕ್ಷೇತ್ರದ ಗಡಿಯ ಕುರಿತು

ಮತಕ್ಷೇತ್ರಗಳ ಗಡಿ ಬರೆಯುವ ಕಚೇರಿಯ ಹಿರಿಯ ಅಧಿಕಾರಿಗಳಾದ ಮಾನ್ಯರೇ,

ತಮ್ಮ ಪೆನ್ಸಿಲ್ ಚೂಪಾಗಿಯೂ, ರಬ್ಬರ್ ದುಂಡಗೂ, ಸ್ಕೇಲ್ ಮಾತ್ರ ಎಂದಿನಂತೆ ಬೀರುವಿನೊಳಗೆ ಭದ್ರವಾಗಿಯೂ ಇರುವುದೆಂದು ನಂಬಿ, ಮೂಲೆ ಅಂಗಡಿಯ ದರ್ಜಿಯಾದ ನಾನು ಕೈಮುಗಿದು ಬರೆದುಕೊಳ್ಳುತ್ತಿದ್ದೇನೆ. ತಮಗೆ ನನ್ನ ನೆನಪಿರಬಹುದು. ಹೋದ ತಿಂಗಳು ಕಂದುಬಣ್ಣದ ಕೋಟಿನ ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, ಅಳತೆ ಕೊಡಲು ಈಗ ಪುರುಸೊತ್ತಿಲ್ಲ ಎಂದು ಕಾರು ಹತ್ತಿದವರು ತಾವೇ. ಆ ಬಟ್ಟೆಯ ಸಮಾಚಾರ ಕೊನೆಗೆ ಬರುತ್ತದೆ. ಮೊದಲು ದೂರು, ದೂರಿಗೂ ಮೊದಲು, ಮರ್ಯಾದೆಗಾಗಿ, ಸ್ವಲ್ಪ ಹೊಗಳಿಕೆ.

ಮೂವತ್ತೊಂದು ವರ್ಷದಿಂದ ಕತ್ತರಿ ಹಿಡಿದವನು ನಾನು. ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಇರುವವರಿಗೂ, ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟು ಬೀದಿಗಿಳಿದ ಮೇಲೆ ಉಸಿರು ಬಿಡುವವರಿಗೂ ಬಟ್ಟೆ ಹೊಲಿದಿದ್ದೇನೆ. ಆದರೆ ತಾವು ಕತ್ತರಿಸಿದಂಥ ಆಕಾರವನ್ನು ನನ್ನ ಕತ್ತರಿ ಕನಸಿನಲ್ಲೂ ಕಂಡಿಲ್ಲ. ಮೊದಲು ನಮ್ಮ ಕ್ಷೇತ್ರ ದುಪ್ಪಟಿಯ ಹಾಗೆ ನಾಲ್ಕೇ ಮೂಲೆಯ ಬಡಪಾಯಿ ಕ್ಷೇತ್ರವಾಗಿತ್ತು. ಈಗ ಅದು ಬಸ್ ನಿಲ್ದಾಣದ ಹಿಂದೆ ಹುಟ್ಟಿ, ಹಿಟ್ಟಿನ ಗಿರಣಿಗೂ ಹಲ್ಲಿನ ವೈದ್ಯರ ಕೋಣೆಗೂ ನಡುವೆ ಉಸಿರು ಬಿಗಿಹಿಡಿದು ನುಸುಳಿ, ಹೊಳೆ ದಾಟಿ, ಅಲ್ಲಿ ಆಳುವ ಪಕ್ಷದ ಬಾವುಟ ಹಾರಿಸಿದ ಹದಿನೇಳು ಮನೆಗಳನ್ನು ಬಾಚಿ ತಬ್ಬಿಕೊಂಡು, ವಾಪಸು ಬರುವಾಗ ದಾರಿ ತಪ್ಪಿದವರಂತೆ ನಟಿಸುತ್ತ ನಮ್ಮ ಬೀದಿಗೆ ಬಂದು, ಸಾಲಿನ ಇಪ್ಪತ್ತಾರು ಮನೆಗಳಲ್ಲಿ ಇಪ್ಪತ್ತೈದನ್ನು ಮುಟ್ಟದೆ, ನಮ್ಮದೊಂದು ಮನೆಯ ಒಳಗೆ ಮಾತ್ರ ಕಾಲಿಟ್ಟಿದೆ. ಇದನ್ನು ಅಂಗಿ ಎನ್ನೋಣವೆಂದರೆ ಮೂರು ತೋಳಿವೆ, ಕತ್ತಿಲ್ಲ. ಚಡ್ಡಿ ಎನ್ನುವಷ್ಟು ಧೈರ್ಯ ನನಗಿಲ್ಲ.

ನಮ್ಮ ಮನೆಯೇ ಏಕೆ ಎಂದು ನೆರೆಹೊರೆಯವರು ಕೇಳುತ್ತಾರೆ. ಹಿಂಬದಿಯ ಕೋಣೆಯಲ್ಲಿ ನನ್ನ ಅಕ್ಕ ಇದ್ದಾಳೆ ಎಂಬುದು ಅವರಿಗೂ ಗೊತ್ತು, ತಮಗಂತೂ ಇನ್ನೂ ಚೆನ್ನಾಗಿ ಗೊತ್ತು. ಎರಡು ಸಲ ಇದೇ ಕ್ಷೇತ್ರದಿಂದ ಗೆದ್ದು, ಸದನದಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕೂರುವವಳು. ಅವಳಿಗೊಂದು ಕೆಟ್ಟ ಚಾಳಿ: ಕೊಟ್ಟ ಕಾಗದವನ್ನು ಓದುತ್ತಾಳೆ. ಅದರ ಹಿಂಬದಿಯನ್ನೂ ಓದುತ್ತಾಳೆ. ಹೀಗೆ ಓದಿಯೇ ಅವಳು ಒಂದು ದಿನ ಸದನದಲ್ಲಿ ಎದ್ದು ನಿಂತು, ಹೊಳೆಯ ಮೇಲೆ ಕಟ್ಟಿದ ಹೊಸ ಸೇತುವೆಗೆ ಈಚೆ ದಡದಲ್ಲಿ ರಸ್ತೆ ಇದೆ, ಆಚೆ ದಡದಲ್ಲಿ ಏಣಿ ಏಕಿದೆ, ಶಾಲೆಯ ಮಕ್ಕಳು ಪಾಟಿಚೀಲ ಹೊತ್ತು ಸೇತುವೆಯಿಂದ ಎಷ್ಟು ವರ್ಷ ಇಳಿಯಬೇಕು ಎಂದು ಕೇಳಿಬಿಟ್ಟಳು.

ಅಂದಿನಿಂದ ಸರ್ಕಾರಕ್ಕೆ ನಮ್ಮ ಮನೆಯ ಮೇಲೆ ಉಕ್ಕಿದ ಅಕ್ಕರೆಯನ್ನು ಏನೆಂದು ಬಣ್ಣಿಸಲಿ. ಸೋಮವಾರ ಅಗ್ನಿಶಾಮಕ ದಳದವರು ಬಂದು ಅಡುಗೆಮನೆಯ ಬೆಂಕಿಪೊಟ್ಟಣದ ಕಡ್ಡಿಗಳನ್ನು ಎಣಿಸಿದರು. ಬುಧವಾರ ತೂಕ ಮತ್ತು ಅಳತೆ ಇಲಾಖೆಯವರು ಅಕ್ಕನ ಚಪ್ಪಲಿಗಳನ್ನು ಬೇರೆ ಬೇರೆಯಾಗಿ ತೂಗಿ, ಎಡಗಾಲಿನದು ನಾಲ್ಕು ಗ್ರಾಂ ಕಡಿಮೆ ಇರುವುದಕ್ಕೆ ವಿವರಣೆ ಕೇಳಿದರು. ಗುರುವಾರ ಪ್ರಾಣಿ ಇಲಾಖೆಯವರು ನಮ್ಮದಲ್ಲದ ಬೆಕ್ಕೊಂದು ನಮ್ಮ ಗೋಡೆಯ ಮೇಲೆ ಕುಳಿತಿದ್ದಕ್ಕೆ ಪರವಾನಗಿ ಎಲ್ಲಿ ಎಂದರು. ಬೆಕ್ಕು ಅವರನ್ನೊಮ್ಮೆ ನೋಡಿ ಮೈ ನೆಕ್ಕಿಕೊಂಡಿತು, ಅದನ್ನೂ ಬರೆದುಕೊಂಡರು. ಇವೆಲ್ಲ ಪೀಠಿಕೆ. ತಮ್ಮ ನಕ್ಷೆಗೆ ಸದನದಲ್ಲಿ ಮತ ಹಾಕುವ ದಿನ ಬೆಳಿಗ್ಗೆ ಬಂದವರು ಲಿಫ್ಟ್ ತಪಾಸಣೆಯವರು. ನಮ್ಮದು ಒಂದೇ ಅಂತಸ್ತಿನ ಮನೆ, ಸ್ವಾಮಿ. ಲಿಫ್ಟ್ ಇಲ್ಲ ಎಂದು ಅಕ್ಕ ಬರೆದುಕೊಟ್ಟಳು. ಇಲ್ಲದ ಲಿಫ್ಟಿನ ಕ್ರಮಸಂಖ್ಯೆ ತುಂಬದೆ ಅರ್ಜಿ ಪೂರ್ತಿಯಾಗುವುದಿಲ್ಲ, ಅರ್ಜಿ ಪೂರ್ತಿಯಾಗದೆ ಮನೆಯೊಡತಿ ಹೊಸ್ತಿಲು ದಾಟುವಂತಿಲ್ಲ ಎಂದು ಅವರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. “ಅಕ್ಕಾ, ನಮ್ಮ ಮೇಲೆ ಕೋಪ ಮಾಡ್ಕೋಬೇಡಿ, ನಮಗೂ ಮೇಲಿಂದ ಹೇಳಿದ್ದಾರೆ” ಎಂದು ಅವರಲ್ಲಿ ಕಿರಿಯರು ಪಿಸುಗುಟ್ಟಿದರು. “ಮೇಲಿಂದ ಹೇಗಪ್ಪ ಬಂತು, ಲಿಫ್ಟೇ ಇಲ್ವಲ್ಲ” ಎಂದು ಅಕ್ಕ ಅವರಿಗೆ ಟೀ ಕೊಟ್ಟಳು. ಅಷ್ಟರಲ್ಲಿ ಸದನದಲ್ಲಿ ತಮ್ಮ ನಕ್ಷೆ ಒಂದೇ ಒಂದು ಮತದಿಂದ ಪಾಸಾಯಿತು.

ಹೀಗೆ ಜನಿಸಿದ ಗಡಿ ಈಗ ನಮ್ಮ ಬೀದಿಬಾಗಿಲಿನಿಂದ ಒಳಗೆ ಬಂದು, ನಡುಮನೆಯನ್ನು ಸೀಳಿ, ಹಿತ್ತಲ ಕಡೆ ಹೊರಟುಹೋಗುತ್ತದೆ. ಮನೆಗೆ ಅಂಟಿಕೊಂಡೇ ಇರುವ ನನ್ನ ಅಂಗಡಿಯ ಕಡೆಯದು ನಮ್ಮ ಹಳೆಯ ಕ್ಷೇತ್ರ. ಅಡುಗೆಮನೆ ಮತ್ತು ಅಕ್ಕನ ಕೋಣೆ ಪಕ್ಕದ ಕ್ಷೇತ್ರ. ಕ್ಷೇತ್ರದೊಳಗೆ ವಾಸವಿಲ್ಲದವರು ಅಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬುದು ಕಾನೂನು. ಅಂದರೆ ಅಕ್ಕ ಹದಿನಾಲ್ಕು ಹೆಜ್ಜೆಯ ಅಂತರದಿಂದ ಹೊರಗಿನವಳಾದಳು, ಸೇತುವೆಯ ಏಣಿ ಚಿರಾಯುವಾಯಿತು. ಅಡುಗೆಮನೆಯಿಂದ ನನಗೆ ಟೀ ತರುವಾಗಲೆಲ್ಲ ಅವಳು ಈಗ ಪರಕ್ಷೇತ್ರ ಪ್ರವಾಸ ಮಾಡುತ್ತಾಳೆ. ಟೀ ಆರಿದ್ದರೆ ಯಾವ ಕ್ಷೇತ್ರದ ಶಾಸಕರಿಗೆ ದೂರಬೇಕೋ ತಿಳಿಯದು.

ತಾವು ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರಕ್ಕೆ ಅವಕಾಶವಿರಲಿಲ್ಲ. ಆದರೆ ಹೋದ ಸಲ ಅಕ್ಕ ಗೆದ್ದದ್ದು ಹನ್ನೊಂದೇ ಮತಗಳಿಂದ ಎಂಬುದು ತಮ್ಮ ಮನಸ್ಸಿನಲ್ಲಿ ಉಳಿದಿತ್ತು, ನನ್ನದೊಂದು ಮತವನ್ನೂ ಆಚೆ ಸಾಗಿಸುವ ಆಸೆ ಹುಟ್ಟಿತು. ನನ್ನ ಮಂಚ ನಡುಮನೆಯಲ್ಲಿ, ಗಡಿಯ ಮೇಲೆಯೇ ಅಡ್ಡಡ್ಡ ಇದೆ. ನಾನು ಯಾವ ಕ್ಷೇತ್ರದ ನಿವಾಸಿ ಎಂದು ತೀರ್ಮಾನಿಸಲು ತಾವು ಇಬ್ಬರು ಸಿಬ್ಬಂದಿಯನ್ನು ಕಳಿಸಿದಿರಿ. ಅವರು ನನ್ನದೇ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಮಂಚದ ಮೇಲೂ ಹತ್ತಿಸಿ ಇಳಿಸಿ, ನಾನು ಮಲಗುವುದನ್ನು ಕಣ್ಣಾರೆ ಕಾಣಬೇಕು ಎಂದರು. ಕಚೇರಿಯ ವೇಳೆಯಲ್ಲಿ ಮಾತ್ರ ತಪಾಸಣೆ ಸಾಧ್ಯವಾದ್ದರಿಂದ ಬೆಳಿಗ್ಗೆ ಹನ್ನೊಂದಕ್ಕೆ ನಾನು ಮಲಗಬೇಕಾಯಿತು. ಎರಡು ಜೊತೆ ಕಣ್ಣು ಹತ್ತಿರದಿಂದ ದಿಟ್ಟಿಸುತ್ತಿರುವಾಗ ನಿದ್ದೆ ಮಾಡುವುದು ಕಷ್ಟ. ಹಿರಿಯವರು ಜೋಗುಳದ ಧಾಟಿಯಲ್ಲಿ ಸುತ್ತೋಲೆಯೊಂದನ್ನು ಓದಿದರು. ಎರಡನೆಯ ಪುಟಕ್ಕೆ ನಾನು ಗೊರಕೆ ಹೊಡೆದೆನಂತೆ. ಅಡುಗೆಮನೆಯ ಪಾತ್ರೆಗಳ ಸದ್ದಿಗೆ ಎಚ್ಚರವಾಗಲಿ ಎಂದು ನಾನು ಯಾವಾಗಲೂ ಆ ಕಡೆಗೇ ತಲೆ ಹಾಕುವವನು. ಅದನ್ನು ಕಂಡು ತಾವು ಆನಂದದಿಂದ ಆದೇಶ ಹೊರಡಿಸಿದಿರಿ: ಕಾಲು ಎಲ್ಲಿ ಬೇಕಾದರೂ ಓಡಾಡುವ ವಸ್ತುವಾದ್ದರಿಂದ ಅದನ್ನು ಲೆಕ್ಕಿಸತಕ್ಕದ್ದಲ್ಲ, ಮಲಗಿದಾಗ ತಲೆ ಎಲ್ಲಿರುವುದೋ ಅಲ್ಲೇ ವಾಸ, ಇದು ಸದರಿ ಮನೆಯ ಎಲ್ಲ ನಿವಾಸಿಗಳಿಗೂ ಅನ್ವಯ. ಕೆಳಗೆ ರುಜು, ಮೊಹರು, ತಾರೀಖು.

ಮಾನ್ಯರೇ, ನಾನು ಮೊದಲೇ ಅರಿಕೆ ಮಾಡಿದ್ದೇನೆ, ಅಕ್ಕ ಕಾಗದ ಓದುತ್ತಾಳೆ ಎಂದು. ನಾನು ಆದೇಶವನ್ನು ಮಡಿಸಿ ಸೂಜಿಡಬ್ಬಿಯ ಕೆಳಗಿಟ್ಟು ದುಃಖಪಡುತ್ತಿದ್ದಾಗ ಅವಳು ಅದನ್ನೆಳೆದು, ಎರಡು ಸಲ ಓದಿ, ಹಿಂಬದಿಯನ್ನೂ ನೋಡಿ, “ತಮ್ಮಾ, ಎಲ್ಲ ನಿವಾಸಿಗಳಿಗೂ ಅಂತ ಬರೆದಿದ್ದಾರೆ ಕಣೋ. ಏಳು. ದಿಂಬು ಅಂಗಡಿ ಕಡೆ ಹಾಕು. ಇನ್ಮೇಲೆ ಇಲ್ಲಿ ಮಲಗೋದು ನಾನು” ಎಂದಳು. ಹಾಗಾದರೆ ನಾನೆಲ್ಲಿ ಮಲಗಲಿ ಎಂದದ್ದಕ್ಕೆ ಕತ್ತರಿಸುವ ಮೇಜು ತೋರಿಸಿದಳು. ಅದು ಪೂರ್ತಿ ಈಚೆ ಕ್ಷೇತ್ರದಲ್ಲಿದೆ, ಹೀಗಾಗಿ ನನ್ನ ಮತವೂ ವಾಪಸು ಬಂತು, ಜೊತೆಗೆ ಬೆನ್ನುನೋವು.

ಮುಂದಿನದು ತಮಗೆ ತಿಳಿದೇ ಇದೆ. ತಪಾಸಣೆಯಾಗಲಿ ಎಂದು ಅಕ್ಕನೇ ಅರ್ಜಿ ಹಾಕಿದಳು. ಅದೇ ಇಬ್ಬರು ಸಿಬ್ಬಂದಿ ಅದೇ ಹನ್ನೊಂದು ಗಂಟೆಗೆ ಬಂದರು. ಒಂಬತ್ತು ವರ್ಷ ಸದನದಲ್ಲಿ ಕೂತು, ಸುತ್ತಲಿನವರೆಲ್ಲ ತೂಕಡಿಸುವಾಗಲೂ ಒಂದು ದಿನವೂ ರೆಪ್ಪೆ ಮುಚ್ಚದವಳು, ತಲೆ ಇಲ್ಲಿಟ್ಟು ಕಾಲು ಅಲ್ಲಿ ಚಾಚಿ, ಸುತ್ತೋಲೆಯ ಮೊದಲ ಸಾಲಿಗೇ ನಿದ್ದೆ ಹೋದಳು. ಸಿಬ್ಬಂದಿ ಪ್ರಮಾಣಪತ್ರಕ್ಕೆ ರುಜು ಹಾಕಿದರು. ಕಿರಿಯವರು ಹೋಗುವಾಗ ಅವಳಿಗೆ ಹೊದಿಕೆ ಸರಿಮಾಡಿ ಹೋದರು ಎಂಬುದನ್ನು ದಯವಿಟ್ಟು ಅವರ ಸೇವಾ ಪುಸ್ತಕದಲ್ಲಿ ಬರೆಯಬೇಡಿ. ಪ್ರಮಾಣಪತ್ರ ಮತ್ತು ತಮ್ಮ ಆದೇಶ ಎರಡನ್ನೂ ಲಗತ್ತಿಸಿ ಅಕ್ಕ ಸಲ್ಲಿಸಿದ ನಾಮಪತ್ರ ನಿನ್ನೆ ಅಂಗೀಕಾರವಾಗಿದೆ. ಉಪಕಾರ ಮರೆಯುವವರಲ್ಲ ನಾವು. ಅವಳ ಪ್ರಚಾರದ ಚೀಟಿಯಲ್ಲಿ ತಮ್ಮ ರುಜುವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿದ್ದೇವೆ.

ಇನ್ನು ನನ್ನ ಬೇಡಿಕೆಗಳು, ತೀರ ಸಣ್ಣವು. ತಲೆ ಈಚೆ ಇಟ್ಟು ಮಲಗಿದವರು ಆಚೆ ಕ್ಷೇತ್ರದ ಕನಸು ಕಂಡರೆ ಮೊದಲೇ ಅನುಮತಿ ಬೇಕೇ ಎಂಬುದನ್ನು ತಿಳಿಸಬೇಕು. ಮಗ್ಗುಲು ಬದಲಿಸುವುದನ್ನು ಪಕ್ಷಾಂತರ ಎಂದು ಪರಿಗಣಿಸಬಾರದು. ಆ ಬೆಕ್ಕಿಗೂ ಒಂದು ಪ್ರಮಾಣಪತ್ರ ಕೊಡಬೇಕು. ಅದು ಸುರುಳಿ ಸುತ್ತಿಕೊಂಡು ಮಲಗುವುದರಿಂದ ತಲೆಯೂ ಬಾಲವೂ ಒಂದೇ ಕ್ಷೇತ್ರದಲ್ಲಿವೆ, ಇಂಥ ನಿಷ್ಠಾವಂತ ನಿವಾಸಿ ತಮಗೆ ಸಿಗುವುದಿಲ್ಲ. ತಾವು ಮತ್ತೆ ಪೆನ್ಸಿಲ್ ಕೆತ್ತುತ್ತಿರುವಿರೆಂದೂ, ಗಡಿಯನ್ನು ಮಂಚದ ಈಚೆಗೆ ಸರಿಸುವ ಯೋಚನೆಯಿದೆಯೆಂದೂ ಕೇಳಿದೆ. ಧಾರಾಳವಾಗಿ ಸರಿಸಿ. ಒಂದು ದಿನ ಮುಂಚೆ ಹೇಳಿಕಳಿಸಿದರೆ ಸಾಕು. ಮಂಚದ ಕಾಲಿಗೆ ಚಕ್ರ ಹಾಕಿಸಿದ್ದೇವೆ.

ತಲೆ, ಕಾಲು, ಕತ್ತರಿ ಸಮೇತ ಈಚೆ ಕಡೆಯಿಂದ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ಮರೆತ ಮಾತು: ತಮ್ಮ ಕೋಟು ಸಿದ್ಧವಾಗಿದೆ. ತೊಡುವವರ ಅಳತೆ ತೆಗೆದುಕೊಳ್ಳುವುದು ಹಳೆಯ ಪದ್ಧತಿ ಎಂದು ತಮ್ಮಿಂದಲೇ ಕಲಿತು, ಬಟ್ಟೆಯ ಮೇಲೆ ತಮ್ಮ ನಕ್ಷೆಯನ್ನೇ ಹಾಸಿ ಗೆರೆ ತಪ್ಪದೆ ಕತ್ತರಿಸಿದ್ದೇನೆ. ಮೂರು ತೋಳಿವೆ, ಒಂದು ಬೆನ್ನ ಹಿಂದಿನಿಂದ ಸುತ್ತಿ ಬಂದು ಬೇರೆಯವರ ಜೇಬಿನ ಎತ್ತರಕ್ಕೆ ಸರಿಯಾಗಿ ಹೊರಬರುತ್ತದೆ. ಸ್ವಲ್ಪ ಹಿಡಿಯಬಹುದು. ಆದರೆ ಕೋಟು ತೊಟ್ಟಾಗಲೂ ತಮ್ಮ ತಲೆ ಹೊರಗೇ ಇರುವುದರಿಂದ, ತಮ್ಮದೇ ಆದೇಶದ ಪ್ರಕಾರ ತಾವು ಅದರ ನಿವಾಸಿಯಲ್ಲ; ಎಲ್ಲಿ ಹಿಡಿಯುತ್ತದೆ ಎಂದು ದೂರುವ ಹಕ್ಕು ತಮಗಿಲ್ಲ.