ಪದವಿಪತ್ರಕ್ಕಿಟ್ಟ ಬೊಟ್ಟು

ಮನೆಗೆ ಹೊಸದೇನು ಬಂದರೂ ಅದಕ್ಕೊಂದು ಕುಂಕುಮದ ಬೊಟ್ಟಿಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಅಮೆರಿಕದ ರೌಂಡ್ ರಾಕ್‌ನ ಮಗಳ ಮನೆಯಲ್ಲಿ ಕಾರು, ಫ್ರಿಜ್ಜು, ಕೊನೆಗೆ ಹುಲ್ಲು ಕತ್ತರಿಸುವ ಯಂತ್ರವೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಹೀಗಿರುವಾಗ ಮೊಮ್ಮಗಳು ಅನಘಾ ಸ್ಪೇನ್‌ನಲ್ಲಿ ಓದಿ ತಂದ ಪದವಿಪತ್ರವನ್ನು ಬಿಟ್ಟೇನೇ? ನಾನು ಓದಿದ್ದು ನಾಲ್ಕನೇ ಕ್ಲಾಸು. ಪತ್ರದಲ್ಲಿ ಒಂದಕ್ಷರವೂ ತಿಳಿಯಲಿಲ್ಲ. "ಈ ಲೈನೇ ಇಂಪಾರ್ಟೆಂಟ್ ಅಜ್ಜಿ, ಇಡೀ ಬ್ಯಾಚಲ್ಲಿ ನಂಗೊಬ್ಳಿಗೇ ಕೊಟ್ಟಿದ್ದು" ಎಂದು ಅವಳು ಬೆರಳಿಟ್ಟು ತೋರಿಸಿದ್ದಳು. ಹಿಗ್ಗಿ ಹೀರೇಕಾಯಿಯಾದ ನಾನು ಮರುದಿನ ಬೆಳಿಗ್ಗೆ ಪತ್ರವನ್ನು ದೇವರ ಮುಂದಿಟ್ಟು, ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಆ ಸಾಲಿಗೆ ಮಾತ್ರ ನೀರಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಬಳಿದೆ.

ಅನಘಾ ನೋಡಿದವಳೇ ಸೋಫಾದ ಮೇಲೆ ಕುಸಿದಳು. ಆಸ್ಟಿನ್‌ನಲ್ಲಿ ಮುಂದೆ ಓದಲು ಪತ್ರದ ಇಂಗ್ಲಿಷ್ ಅನುವಾದ ಆ ವಾರವೇ ಕೊಡಬೇಕಿತ್ತು. ಆ ಸಾಲಿದ್ದರೆ ಸ್ಕಾಲರ್‌ಶಿಪ್ಪು, ಇಲ್ಲದಿದ್ದರೆ ಇಲ್ಲ.

ಅನುವಾದ ಮಾಡಿಕೊಡುವಾಕೆ ಇದ್ದದ್ದು ಹ್ಯೂಸ್ಟನ್‌ನಲ್ಲಿ. ತಪ್ಪು ನನ್ನದಾದ್ದರಿಂದ ನಾನೂ ಕಾರು ಹತ್ತಿದೆ. ಆಕೆ ನನ್ನದೇ ವಯಸ್ಸಿನವರು. ಪತ್ರ ನೋಡಿ ತಲೆಯಾಡಿಸಿದರು. ಓದಲಾಗದ್ದನ್ನು ಬರೆಯುವುದಿಲ್ಲವಂತೆ.

"ಗೋಲ್ಡ್ ಮೆಡಲ್ ಅಂತ ಹಾಕ್ಬಿಡಿ ಅನ್ನೇ. ನಮ್ಮಲ್ಲಿ ಲಗ್ನಪತ್ರಿಕೇಲಿ ಎಲ್ಲಾರೂ ಹಾಕಿಸ್ಕೋತಾರೆ" ಎಂದು ಅನಘಾಗೆ ಹೇಳಿದೆ.

"ಇದನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ ಅಜ್ಜಿ."

"ಮಾಡೇ, ಕೇಳಿದ್ರೆ ಏನು ನಷ್ಟ?"

ಅನಘಾ ಕೇಳಿದಳು, ಉತ್ತರವನ್ನೂ ತಂದಳು: "ಇಲ್ದಿರೋದನ್ನ ಸೇರ್ಸಲ್ವಂತೆ. ಇರೋದನ್ನ ಬಿಡೋದೂ ಇಲ್ವಂತೆ. ಈಗ ಸುಮ್ನೆ ಕೂತ್ಕೋ."

ಆಕೆ ಪತ್ರವನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಕೆಂಪಿನೊಳಗಿಂದ ಕಪ್ಪಕ್ಷರಗಳು ಒಂದೊಂದಾಗಿ ಮೂಡಿದವು. ಆಕೆ ಗಟ್ಟಿಯಾಗಿ ಓದಿದರು: ಪ್ರೆಮಿಯೊ ಎಕ್ಸ್‌ತ್ರಾಒರ್ದಿನಾರಿಯೊ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಸಮನಾದ ಹೆಸರಿಲ್ಲವೆಂದು ಅದನ್ನು ಹಾಗೇ ಇಟ್ಟು, ಪದವಿಯ ಅತ್ಯುನ್ನತ ಗೌರವ ಎಂದು ಕೆಳಗೆ ವಿವರಿಸಿದರು. ಅನಘಾ ಉಸಿರು ಬಿಟ್ಟಳು. ಆಮೇಲೆ ಆಕೆ ನನ್ನತ್ತ ತಿರುಗಿ ಆ ಕೆಂಪು ಏನೆಂದು ಅನಘಾಳ ಮೂಲಕ ಕೇಳಿ, ಅದನ್ನೂ ಟೈಪು ಮಾಡಿದರು. ಸೀಲು, ಸಹಿ, ಕಲೆ, ಕಾಗದದ ಮೇಲೆ ಏನಿದ್ದರೂ ಬರೆಯಲೇಬೇಕಂತೆ.

ಕಾರಿನಲ್ಲಿ ಅನಘಾ ಓದಿ ಹೇಳಿದಳು: "ಸಾಲಿನ ಮೇಲೆ ಕೆಂಪು ಗುರುತು. ಅಜ್ಜಿಯ ಆಶೀರ್ವಾದ."

ಸ್ಕಾಲರ್‌ಶಿಪ್ಪು ಬಂತು. ನಾಲ್ಕನೇ ಕ್ಲಾಸಿನವಳು ಯೂನಿವರ್ಸಿಟಿಯ ಫೈಲು ಸೇರಿದೆನೆಂದು ಪರಿಚಯದವರಿಗೆಲ್ಲ ಫೋನು ಮಾಡಿದೆ. ಅನಘಾ ಮಾತ್ರ ಒಂದು ಕಬ್ಬಿಣದ ಪೆಟ್ಟಿಗೆ ತಂದು, ಪತ್ರವನ್ನು ಅದರಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ. ಇಟ್ಟುಕೊಳ್ಳಲಿ. ಪೆಟ್ಟಿಗೆ ಹೊಸದಲ್ಲವೇ, ಅದಕ್ಕೆ ಬೊಟ್ಟಿಟ್ಟಾಗಿದೆ.