ಸೋಲಲು ಹೋದ ಸಮಾಧಾನಪ್ಪ

ಎಲ್ಲ ಶುರುವಾದದ್ದು ಮ್ಯಾನೇಜರ ಬೆನ್ನುನೋವಿನಿಂದ. ಬ್ಯಾಡ್ಮಿಂಟನ್ ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಿಂತಲ್ಲೇ ನಿಂತು ಆಡುವ ಆಟ ಯಾವುದಿದೆ ಎಂದು ಹುಡುಕಿದ ಮ್ಯಾನೇಜರು ಕೊನೆಗೆ ಬಂದೂಕು ಹಿಡಿದರು. ಊರಾಚೆಯ ಮೈದಾನದಲ್ಲಿ ಯಂತ್ರವೊಂದು ತಟ್ಟೆಯಂಥ ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ. ಅವು ಹಾರುತ್ತಿರುವಾಗಲೇ ಗುಂಡು ಹೊಡೆದು ಪುಡಿ ಮಾಡಬೇಕು. ಈ ಭಾನುವಾರ ತಮ್ಮ ಜೊತೆ ಪಂದ್ಯಕ್ಕೆ ಬರಬೇಕೆಂದು ಮ್ಯಾನೇಜರು ಕರೆದದ್ದು ದೂರು ವಿಭಾಗದ ಗುಮಾಸ್ತನನ್ನು.

ಅದು ನಲ್ಲಿ ತಯಾರಿಸುವ ಕಂಪನಿ. ಸೋರುವ ನಲ್ಲಿಗಳ ಬಗ್ಗೆ ಜನ ಫೋನಿನಲ್ಲಿ ಬೈಯುವುದನ್ನು ಕೇಳಿಸಿಕೊಂಡು, "ಸಮಾಧಾನ ಮಾಡ್ಕೊಳ್ಳಿ, ಸಮಾಧಾನ" ಎನ್ನುವುದೇ ಗುಮಾಸ್ತನ ಕೆಲಸ. ಹಾಗಾಗಿ ಆಫೀಸಿನವರೆಲ್ಲ ಅವನಿಗೆ ಸಮಾಧಾನಪ್ಪ ಎಂದೇ ಹೆಸರಿಟ್ಟಿದ್ದರು. ಈಗ ಮಾರಾಟ ವಿಭಾಗದ ಮೇಲ್ವಿಚಾರಕನ ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿಯ ಮುಂದಿನ ಮೇಜಿನ ಮೇಲೆ ಫೋನ್ ಇರಲಿಲ್ಲ. ಸಮಾಧಾನಪ್ಪನಿಗೆ ಸ್ವರ್ಗವೆಂದರೆ ಅಷ್ಟೇ.

ಆ ಆಫೀಸಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಬಲ್ಲ ಒಂದು ಪದ್ಧತಿಯಿತ್ತು: ಮೇಲೇರಬೇಕಾದರೆ ಮ್ಯಾನೇಜರಿಗೆ ಸೋಲಬೇಕು. ಚದುರಂಗದಲ್ಲಿ ಸೋತವನಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತ್ತು. ಕೇರಂನಲ್ಲಿ ಸೋತ ಸ್ಟೋರ್‌ಕೀಪರನ ತಲೆಯ ಮೇಲೆ ಹೊಸ ಫ್ಯಾನು ತಿರುಗುತ್ತಿತ್ತು. ಬ್ಯಾಡ್ಮಿಂಟನ್‌ನಲ್ಲಿ ಸೋಲಲು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವೂ ಇತ್ತು.

"ನಿನ್ನ ಅದೃಷ್ಟ ಖುಲಾಯಿಸ್ತು ಕಣಯ್ಯ," ಎಂದ ಸ್ಟೋರ್‌ಕೀಪರ್, ಹೊಟ್ಟೆಯುರಿಯನ್ನು ನಗುವಿನಲ್ಲಿ ಅದ್ದಿ. "ನಾವು ಸೋಲೋಕೆ ಎಷ್ಟು ಬೆವರು ಸುರಿಸಿದ್ವಿ ಗೊತ್ತಾ? ನೀನು ಬಂದೂಕನ್ನೇ ಕಂಡವನಲ್ಲ. ಸುಮ್ನೆ ನಿಂತ್ರೂ ಸೋಲ್ತೀಯ."

ಭಾನುವಾರ ಬೆಳಿಗ್ಗೆ ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕರೆಯದೆಯೇ ಇಳಿದು ಬಂದರು. ಬಂದೂಕು ಹಿಡಿಯುವ ಗತ್ತು ಕಲಿಸುತ್ತೇನೆಂದು ಸಮಾಧಾನಪ್ಪನ ಕೈಗೆ ಪೊರಕೆ ಕೊಟ್ಟು, "ಎದೆ ಮುಂದೆ! ಹೊಟ್ಟೆ ಒಳಗೆ! ತಿರುಗು!" ಎಂದು ಗರ್ಜಿಸಿದರು. ಸಮಾಧಾನಪ್ಪ ತಿರುಗಿದ. ಪೊರಕೆಯೂ ತಿರುಗಿ ಒಲೆಯ ಪಕ್ಕದಲ್ಲಿದ್ದ ಹಾಲಿನ ಪಾತ್ರೆಯನ್ನು ನೆಲಕ್ಕೆ ಕೆಡವಿತು.

"ಸೋಲೋದಕ್ಕೂ ಅಭ್ಯಾಸ ಬೇಕಾ ನಿಮಗೆ?" ಎಂದಳು ಹೆಂಡತಿ ನೆಲ ಒರೆಸುತ್ತ. "ಮದುವೆಯಾದಾಗಿಂದ ಮಾಡ್ಕೊಂಡು ಬಂದಿರೋದು ಅದನ್ನೇ ತಾನೆ? ಇವತ್ತೊಂದು ದಿನ ಪ್ರಯೋಜನಕ್ಕೆ ಬರೋ ಹಾಗೆ ಸೋತು ಬನ್ನಿ."

ಮೈದಾನಕ್ಕೆ ಇಡೀ ಆಫೀಸೇ ಬಂದಿತ್ತು. ಮ್ಯಾನೇಜರು ಎಷ್ಟು ಸಲ ಗುಂಡು ಹಾರಿಸಿದರೂ ಬಿಲ್ಲೆಗಳು ಆರಾಮವಾಗಿ ಹಾರಿ, ಹುಲ್ಲಿನ ಮೇಲೆ ಆರಾಮವಾಗಿ ಇಳಿಯುತ್ತಿದ್ದವು. ಪ್ರತಿ ಸಲವೂ ಚಪ್ಪಾಳೆ. "ಕೂದಲೆಳೆಯಲ್ಲಿ ತಪ್ಪಿತು ಸರ್!" ಎಂದು ಸ್ಟೋರ್‌ಕೀಪರ್ ಕೂಗುತ್ತಿದ್ದ. "ಸೂರ್ಯ ಅಡ್ಡ ಬಂದ ಸರ್!" ಎಂದಿತು ಇನ್ನೊಂದು ದನಿ. ಸೂರ್ಯ ಅವರೆಲ್ಲರ ಬೆನ್ನ ಹಿಂದಿದ್ದ. ಕೊನೆಗೆ ಹೇಗೋ ಒಂದು ಬಿಲ್ಲೆ ಒಡೆಯಿತು.

ಈಗ ಸಮಾಧಾನಪ್ಪನ ಸರದಿ. ತರಬೇತಿ ಕೊಡುವವನು ಬಂದೂಕು ಹಿಡಿಯುವುದನ್ನು ತೋರಿಸಿದ. ಅವನು ಗುರಿಯ ವಿಷಯಕ್ಕೆ ಬಂದ ಕೂಡಲೇ ಸಮಾಧಾನಪ್ಪ, "ಅದೆಲ್ಲ ಬೇಡಪ್ಪ, ನಂಗೆ ಗೊತ್ತು" ಎಂದು ತಡೆದ. ಸುಮ್ಮನೆ ಕಲಿತುಬಿಟ್ಟರೆ ಎಡವಟ್ಟಾದೀತು ಎಂಬ ಭಯ. ಬಿಲ್ಲೆಯ ಕಡೆ ಬಂದೂಕು ತಿರುಗಿಸಿದರೆ ಅಪ್ಪಿತಪ್ಪಿ ತಾಕಿದರೂ ತಾಕಬಹುದು. ಅದರ ಗೊಡವೆಯೇ ಬೇಡ, ಅದಕ್ಕಿಂತ ಸಾಕಷ್ಟು ಮುಂದೆ, ಏನೂ ಇಲ್ಲದ ಆಕಾಶಕ್ಕೆ ಹೊಡೆಯೋಣ ಎಂದು ನಿರ್ಧರಿಸಿದ.

"ಬಿಡಿ!" ಎಂದ. ಬಿಲ್ಲೆ ಹಾರಿತು. ಬಂದೂಕು ಗುಡುಗಿತು. ಭುಜಕ್ಕೆ ಯಾರೋ ಒದ್ದಂತಾಗಿ ಸಮಾಧಾನಪ್ಪ ಎರಡು ಹೆಜ್ಜೆ ಹಿಂದೆ ಬಂದ. ಕಣ್ಣು ಬಿಟ್ಟು ನೋಡಿದರೆ ಬಿಲ್ಲೆ ನುಚ್ಚುನೂರಾಗಿತ್ತು.

ಪಾಪ, ಅವನಿಗೇನು ಗೊತ್ತು! ಈ ಆಟದ ಗುಟ್ಟೇ ಅದು. ಬಿಲ್ಲೆ ಇದ್ದಲ್ಲಿಗೆ ಗುರಿಯಿಟ್ಟರೆ, ಗುಂಡು ಅಲ್ಲಿಗೆ ತಲುಪುವ ಹೊತ್ತಿಗೆ ಬಿಲ್ಲೆ ಮುಂದೆ ಹೋಗಿರುತ್ತದೆ. ಅದಕ್ಕಿಂತ ಮುಂದೆ ಖಾಲಿ ಜಾಗಕ್ಕೆ ಹೊಡೆದರೆ ಬಿಲ್ಲೆ ತಾನಾಗಿಯೇ ಹೋಗಿ ಗುಂಡಿಗೆ ತಲೆಯೊಡ್ಡುತ್ತದೆ. ತಪ್ಪಿಸಲು ಸಮಾಧಾನಪ್ಪ ಕಂಡುಕೊಂಡ ಉಪಾಯವನ್ನು ಕಲಿಯಲು ಬೇರೆಯವರು ವರ್ಷಗಟ್ಟಲೆ ಒದ್ದಾಡುತ್ತಾರೆ.

ಎರಡನೆಯದೂ ಪುಡಿ. ಮೂರನೆಯದೂ ಪುಡಿ. ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಮ್ಯಾನೇಜರ ಮುಖ ನೋಡಿ ಜೇಬು ಸೇರಿದವು. ಪಕ್ಕದಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ದೂರ ಸರಿದರು. ಸ್ಟೋರ್‌ಕೀಪರ್ ಮಾತ್ರ ಹತ್ತಿರ ಬಂದು ಕಿವಿಯಲ್ಲಿ ಉಸುರಿದ: "ಏನಯ್ಯಾ ಇದು? ನಿನಗೆ ಹೆಂಡತಿ ಮಕ್ಕಳು ಇಲ್ವಾ?"

"ನಾನೇನು ಮಾಡ್ಲಿ? ಅದೇ ಬಂದು ಬಂದು ಬೀಳ್ತಿದೆ!" ಎಂದ ಸಮಾಧಾನಪ್ಪ, ಅಳುವಂಥ ದನಿಯಲ್ಲಿ. ಕಣ್ಣು ಮುಚ್ಚಿ ಹೊಡೆದದ್ದೂ ತಾಕಿತು. ಫೋನಿಲ್ಲದ ಮೇಜು ಅವನ ಕಣ್ಣೆದುರೇ ಚೂರುಚೂರಾಗಿ ಹುಲ್ಲಿನ ಮೇಲೆ ಉದುರುತ್ತಿತ್ತು.

ಪಂದ್ಯ ಮುಗಿಯಿತು. ಮ್ಯಾನೇಜರು ನಿಧಾನವಾಗಿ ನಡೆದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತೇನ್ರೀ! ನಾನು ಏನಾಡಿದ್ರೂ ಗೆಲ್ತೀನಿ. ನನಗೆ ಚದುರಂಗದಲ್ಲಿ ಕುದುರೆ ಹೇಗೆ ನಡೆಯುತ್ತೆ ಅಂತ್ಲೂ ಸರಿಯಾಗಿ ಗೊತ್ತಿಲ್ಲ, ಆದ್ರೂ ಗೆಲ್ತೀನಿ! ಈ ಹೊಗಳುಭಟ್ಟರ ನಡುವೆ ನೀವೊಬ್ಬರೇ ಗಂಡಸು. ಆ ಕುರ್ಚಿ ನಿಮ್ದೇ."

"ಆದ್ರೆ ಸರ್, ಸೋತವರಿಗೇ ತಾನೆ ಇಷ್ಟು ದಿನ..." ಎಂದು ಸ್ಟೋರ್‌ಕೀಪರ್ ತೊದಲಿದ.

"ಗೆದ್ದವರು ಯಾರಾದ್ರೂ ಇದ್ರೇನ್ರೀ ಕೊಡೋಕೆ?" ಎಂದು ಮ್ಯಾನೇಜರು ಹರಿಹಾಯ್ದರು.

ಸಮಾಧಾನಪ್ಪನಿಗೆ ಭೂಮಿ ಮತ್ತೆ ಕಾಲಿಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಎದೆಯುಬ್ಬಿಸಿ ನಿಂತ. "ನಂಗೆ ಸುಳ್ಳುಸುಳ್ಳೇ ಸೋಲೋದು ಗೊತ್ತಿಲ್ಲ ಸರ್. ಒಪ್ಪೋದೇ ಇಲ್ಲ ಮನಸ್ಸು," ಎಂದ. ಹೇಳುವಾಗ ಒಂಚೂರೂ ನಾಚಿಕೆಯಾಗಲಿಲ್ಲ. ದೂರ ಸರಿದಿದ್ದವರೆಲ್ಲ ಸುತ್ತ ಮುತ್ತಿಕೊಂಡರು. "ನೇರವಾಗಿ ಹೊಡಿ ಅಂತ ನಾನು ಮೊದ್ಲೇ ಹೇಳಿದ್ನಲ್ಲ," ಎಂದು ಸ್ಟೋರ್‌ಕೀಪರ್ ಅವನ ಬೆನ್ನು ತಟ್ಟಿದ.

"ಬನ್ನಿ, ಇನ್ನೊಂದಾಟ ಆಡೋಣ," ಎಂದರು ಮ್ಯಾನೇಜರು ಸಂಭ್ರಮದಿಂದ. "ನನ್ನನ್ನ ಇನ್ನೊಂದ್ಸಲ ಚೆನ್ನಾಗಿ ಸೋಲಿಸಿ. ಬಹಳ ಹಿತವಾಗಿದೆ."

ಈ ಸಲ ಸಮಾಧಾನಪ್ಪ ಮನಸಾರೆ ಹೊಡೆಯಲು ನಿಂತ. ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ಹಾರುವ ಬಿಲ್ಲೆಯ ನಟ್ಟನಡುವಿಗೇ ಗುರಿಯಿಟ್ಟ. ಬಿಲ್ಲೆ ಆರಾಮವಾಗಿ ಹಾರಿ ಹೋಯಿತು. ಇನ್ನೂ ಸರಿಯಾಗಿ, ಇನ್ನೂ ಶ್ರದ್ಧೆಯಿಂದ ಗುರಿಯಿಟ್ಟ. ಅದೂ ಹೋಯಿತು. ಒಂದೂ ಒಡೆಯಲಿಲ್ಲ. ಮ್ಯಾನೇಜರ ಗುಂಡಿಗೆ ಯಥಾಪ್ರಕಾರ ಹೇಗೋ ಒಂದು ಒಡೆಯಿತು. ಅವರು ಗೆದ್ದುಬಿಟ್ಟರು.

ಮ್ಯಾನೇಜರ ಮುಖ ಕಪ್ಪಿಟ್ಟಿತು.

"ಕುರ್ಚಿ ನಿಮ್ದು ಅಂದಿದ್ದಷ್ಟೇ. ಇನ್ನೂ ಕೂತೂ ಇಲ್ಲ. ಆಗಲೇ ನೀವೂ ಬೇಕಂತ ಸೋಲೋಕೆ ಶುರು ಮಾಡಿಬಿಟ್ರಾ?"

"ಇಲ್ಲ ಸರ್! ಈಗ ನಿಜವಾಗ್ಲೂ ಗುರಿ ಇಟ್ಟೆ ಸರ್!"

"ನಿಜವಾಗ್ಲೂ ಗುರಿ ಇಟ್ಟವರು ಒಂದೂ ಹೊಡೆಯಲ್ವಾ? ಮತ್ತೆ ಆಗ?"

"ಆಗ ತಪ್ಪಿಸ್ಬೇಕು ಅಂತಲೇ ಹೊಡೆದೆ ಸರ್, ಅದಕ್ಕೇ ತಾಕ್ತು!"

ಅದು ಅಪ್ಪಟ ಸತ್ಯವಾಗಿತ್ತು. ಕೇಳಿ ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರು ಮಾತ್ರ ನಗಲಿಲ್ಲ. "ಸುಳ್ಳು ಹೇಳೋದಾದ್ರೂ ನೆಟ್ಟಗೆ ಹೇಳಿ," ಎಂದು ಬಂದೂಕು ಕೆಳಗಿಟ್ಟು ಸ್ಟೋರ್‌ಕೀಪರನ ಕಡೆ ತಿರುಗಿದರು. "ನಾಳೆಯಿಂದ ಆ ಕುರ್ಚಿಯಲ್ಲಿ ನೀವೇ ಕೂತ್ಕೊಳ್ಳಿ."

"ನಾನಾ ಸರ್?"

"ಹೂಂ. ಸೇರಿದ ದಿನದಿಂದ ನನಗೆ ಒಂದೇ ಸಮ ಬೆಣ್ಣೆ ಹಚ್ತಿದ್ದೀರಿ. ಇವರು ಕಾಲು ಗಂಟೆಗೆ ಬದಲಾದ್ರು. ಇದ್ದದ್ರಲ್ಲಿ ನಿಮ್ಮನ್ನೇ ನಂಬಬಹುದು."

ಮನೆಗೆ ಹೊರಟ ಸಮಾಧಾನಪ್ಪನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ಏನಾಯ್ತು? ಸೋತ್ರಾ?"

"ಮೊದಲು ಗೆದ್ದೆ..."

"ಅಯ್ಯೋ ನಿಮ್ಮ ತಲೆಗಿಷ್ಟು!"

"ಆಮೇಲೆ ಸೋತೆ."

"ಅಬ್ಬಾ! ಬದುಕಿಕೊಂಡ್ವಿ," ಎಂದು ಅವಳು ಫೋನ್ ಕೈಯಲ್ಲೇ ಹಿಡಿದು ಮಹಡಿಯ ಕಡೆ ಕೂಗಿ ಹೇಳುವುದು ಕೇಳಿಸಿತು: "ಮೇಷ್ಟ್ರೇ, ಕೆಳಗೆ ಬನ್ನಿ, ಬಾಯಿ ಸಿಹಿ ಮಾಡ್ಕೊಳ್ಳಿ! ನಮ್ಮನೆಯವರು ಸೋತಿದ್ದಾರೆ!"