ನನ್ನ ಮನೆತನಕ್ಕೆ ನಾನೇ ಸಾಕ್ಷಿ

ಅನುಮಾನದ ಸ್ವಭಾವ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮಗಳು ಮದುವೆಗೆ ಬಂದ ಮೇಲೆ ಬಂದದ್ದು. ನಮ್ಮೂರು ಮುಂಡರಗಿಯಲ್ಲಿ ಇಬ್ಬರು ನಿಂತು ಈರುಳ್ಳಿ ಧಾರಣೆ ಮಾತಾಡುತ್ತಿದ್ದರೂ ನನಗೆ ಅದು ನಮ್ಮ ಮನೆಯ ಸುದ್ದಿಯೇ ಅನ್ನಿಸುತ್ತದೆ. ಹತ್ತಿರ ಹೋದಾಗ ಅವರು ಸುಮ್ಮನಾದರೆ ಅನುಮಾನ ಗಟ್ಟಿಯಾಗುತ್ತದೆ. ಸುಮ್ಮನಾಗದಿದ್ದರೆ, ಎಷ್ಟು ಜಲ್ದಿ ಮಾತು ತಿರುಗಿಸಿದರು ನೋಡು ಅನ್ನಿಸುತ್ತದೆ.

ಕಾರಣವಿಲ್ಲದೆ ಇಲ್ಲ. ನಮ್ಮ ಕಡೆ ಹುಡುಗಿಯನ್ನು ನೋಡಿ ಮೆಚ್ಚಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ. ಆಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಸುಳಿವು ಕೊಡದೆ ಊರಿಗೆ ಬರುತ್ತಾರೆ. ಶೇಂಗಾ ಬೀಜ ಕೊಳ್ಳುವ ನೆಪ ಮಾಡಿ ಚಹಾದಂಗಡಿ, ಕಿರಾಣಿ ಅಂಗಡಿ, ಅಕ್ಕಪಕ್ಕದ ಮನೆ ಎಲ್ಲ ಕಡೆ ಮನೆತನ ವಿಚಾರಿಸಿಕೊಂಡು ಹೋಗುತ್ತಾರೆ. ನಮ್ಮ ಸವಿತಾಳನ್ನು ಮೆಚ್ಚಿ ಹೋದ ಎರಡು ಮನೆಯವರು ಹೀಗೆ ವಿಚಾರಿಸಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನನ್ನ ಅನುಮಾನವೆಲ್ಲ ಬಾಜೂ ಮನೆಯ ಗಂಗವ್ವನ ಮೇಲೆ. ನಮ್ಮ ಒಗ್ಗರಣೆಯ ವಾಸನೆಯಿಂದಲೇ ಮನೆಗೆ ಯಾರು ಬಂದಿದ್ದಾರೆಂದು ಹೇಳಬಲ್ಲ ಹೆಂಗಸು ಆಕೆ. ಬಾಯಿಗೆ ಬಾಗಿಲಿಲ್ಲ.

ಈ ಸಲ ಲಕ್ಷ್ಮೇಶ್ವರದ ಸಂಬಂಧ. ಹುಡುಗ ಶಾಲಾ ಮಾಸ್ತರ. ಸವಿತಾಳಿಗೂ ಮನಸ್ಸಿತ್ತು. "ಅಪ್ಪಾ, ಈ ಸಲ ನೀವು ಸುಮ್ನ ಇರ್ರಿ" ಎಂದಳು. ಆ ಮಾತಿನಲ್ಲಿ ಅಳು ಇತ್ತು, ನನಗೆ ಸಂಕಟವಾಯಿತು. ಆದರೆ ಸುಮ್ಮನಿರುವುದು ಹೇಗೆ? ನಮ್ಮ ಬಟ್ಟೆ ಅಂಗಡಿಯಲ್ಲಿ ಹೆಂಡತಿಯನ್ನು ಕೂರಿಸಿ, ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ದಿನಾ ಕಾವಲು ಕೂರತೊಡಗಿದೆ. ಯಾರು ಬರುತ್ತಾರೆ, ಯಾರು ಏನು ಹಚ್ಚಿಕೊಡುತ್ತಾರೆ, ನೋಡಿಯೇ ಬಿಡೋಣ ಎಂದು.

ಒಂದು ದಿನ ಲಕ್ಷ್ಮೇಶ್ವರದ ಬಸ್ಸಿನಿಂದಿಳಿದ ರುಮಾಲಿನ ಹಿರಿಯರೊಬ್ಬರು ನೇರ ನನ್ನ ಬೆಂಚಿಗೇ ಬಂದರು. ಒಂದು ಪ್ಲೇಟ್ ಗಿರ್ಮಿಟ್ ತರಿಸಿಕೊಂಡು, ಶೇಂಗಾ ಬೀಜದ ಮಾತಾಡಿ, ಮೆಲ್ಲಗೆ ಕೇಳಿದರು: "ಇಲ್ಲೆ ಬಟ್ಟಿ ಅಂಗಡಿ ಬಸವರಾಜಪ್ಪ ಅಂತ ಅದಾರಂತಲ್ರಿ, ಮನಿತನ ಹೆಂಗ್ರಿ?"

ಆ ಬಸವರಾಜಪ್ಪ ನಾನೇ. ಹುಡುಗಿ ನೋಡಲು ಬಂದವರಲ್ಲಿ ಇವರಿರಲಿಲ್ಲ. ನಾನೇ ಅವನು ಎಂದು ಹೇಳಿಬಿಟ್ಟರೆ ಆಗುತ್ತಿತ್ತು. ನಾಲಿಗೆ ಕೇಳಬೇಕಲ್ಲ!

"ಅಯ್ಯ, ಅವರದೇನ್ ಕೇಳ್ತೀರಿ! ಭಾಳ ಸಂಭಾವಿತ್ರು. ಒಬ್ಬರ ಸುದ್ದಿಗೆ ಹೋಗಂಗಿಲ್ಲ. ಅಂಥಾ ಮನಷ್ಯಾ ಈ ತಾಲೂಕಿನ್ಯಾಗ ಸಿಗೂದಿಲ್ರಿ."

"ಚಟಾ ಗಿಟಾ?"

"ಛೇ, ಛೇ! ಚಹಾ ಸುದ್ದಾ ಕುಡಿಯಂಗಿಲ್ಲ" ಎಂದೆ, ಕೈಯಲ್ಲಿದ್ದ ಕಪ್ಪನ್ನು ಬೆಂಚಿನ ಕೆಳಗೆ ಸರಿಸುತ್ತ. ಅಷ್ಟಕ್ಕೇ ನಿಲ್ಲಿಸಿದೆನೇ? "ಅವರ ಬಾಜೂಕ ಗಂಗವ್ವ ಅಂತ ಒಬ್ಬಾಕಿ ಅದಾಳ. ಆಕಿ ಮಾತು ಮಾತ್ರ ನಂಬಬ್ಯಾಡ್ರಿ."

ಹಿರಿಯರು ತಲೆಯಾಡಿಸಿ ಎದ್ದರು. ನೇರ ಹೋದದ್ದು ಗಂಗವ್ವನ ಮನೆಗೆ!

ನಾನು ಸಂದಿಯಿಂದ ಓಡಿ ಮನೆ ಸೇರಿ ಕಿಟಕಿಗೆ ಕಣ್ಣು ಹಚ್ಚಿದೆ. ಗಂಗವ್ವ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ನಮ್ಮ ಮನೆಯತ್ತ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಒಂದು ಅಕ್ಷರವೂ ಕೇಳಲೊಲ್ಲದು. ಅಂಗಡಿಯಿಂದ ಊಟಕ್ಕೆ ಬಂದ ಹೆಂಡತಿ ನಡೆದದ್ದನ್ನು ಕೇಳಿ ಹಣೆ ಬಡಿದುಕೊಂಡಳು. "ಆಕಿ ಬಾಯಿಗೆ ಹೆದರಿ ನಿಮ್ಮ ಬಾಯಿ ಬಿಟ್ರೇನು? ನನ್ನ ಮಗಳ ಬಾಳ್ವೆ ರೀ ಇದು!"

ಅಷ್ಟರಲ್ಲಿ ಗಂಗವ್ವನೇ ಹಿತ್ತಲ ಬಾಗಿಲಿಗೆ ಬಂದು ನಿಂತಳು. "ಬಸಣ್ಣಾ, ಚಹಾಕ್ಕಿಡಸು, ಬೀಗರು ಬರಾಕತ್ತಾರ. ಹುಡುಗಿ ಬಂಗಾರದಂಥಾಕಿ, ಕಣ್ಣು ಮುಚ್ಚಿ ಮಾಡ್ಕೋರಿ ಅಂದೇನಿ. ಅವರಪ್ಪಗ ಒಂದೀಟು ಅನುಮಾನದ ಹುಳಾ ಐತಿ, ದಿನಾ ಬಸ್‌ಸ್ಟ್ಯಾಂಡ್ ಕಾಯ್ತಾನ, ಉಳಿದಂಗ ಮನಷ್ಯಾ ಚಲೋ ಅಂದೆ."

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಹಿರಿಯರು ಒಳಗೆ ಬಂದು ಕೂತು, ಚಹಾದ ಕಪ್ಪು ಹಿಡಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವೂ ಇಲ್ಲೇ ಅದೀರಿ? ಚಲೋ ಆತು. ಆ ಸಂಭಾವಿತ ಯಜಮಾನ್ರನ್ನ ಸ್ವಲ್ಪ ಕರೀರಿ, ಒಮ್ಮಿ ನೋಡೂಣು."

ಒಳಗಿನಿಂದ ಸವಿತಾ ಕಿಸಕ್ಕನೆ ನಕ್ಕಳು. ಹಿರಿಯರೂ ನಕ್ಕರು. ಸಂಬಂಧ ಕೂಡಿತು. ಗಂಗವ್ವನ ಋಣ ತೀರಿಸಲಾರೆ, ಖರೆ. ಆದರೂ ಒಂದು ಮಾತು: ಅಷ್ಟು ಹೊತ್ತು ಕೈ ಬೀಸಿ ಹೇಳಿದ್ದು ಅಷ್ಟೇ ಇರಲಿಕ್ಕಿಲ್ಲ. ಉಳಿದದ್ದು ಏನಿರಬಹುದು?